ಕೋರೆಹಲ್ಲಿನ ಪಕ್ಕದ ಹಲ್ಲು

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ.

ಪ್ರೀತಿಯ ಚಿನಕುರಳಿ,

ನಲವತ್ತೇಳು ತುಂಬಿದವಳನ್ನು ಇನ್ನೂ ಈ ಹೆಸರಿನಿಂದ ಕರೆಯುತ್ತಾಳಲ್ಲ ಅಂತ ಮುಖ ಗಂಟು ಹಾಕಿಕೊಳ್ಳಬೇಡ. ಮೊದಲು ನಿನ್ನ ಪೂರ್ತಿ ಹೆಸರೇ ಬರೆದಿದ್ದೆ. ಯಾರೋ ಗಿರಾಕಿಗೆ ಬರೆದ ಹಾಗೆ ಕಾಣಿಸಿತು, ಹಾಳೆ ಹರಿದು ಹಾಕಿದೆ. ಹೇಗಿದ್ದೀಯ? ಸೊಂಟ ನೋವು ಹೇಗಿದೆ? ಕಾರ್ಖಾನೆಯಲ್ಲಿ ಬೆನ್ನಿಗೆ ಆಸರೆ ಇರುವ ಕುರ್ಚಿ ಕೊಡುತ್ತಾರೋ, ಇಲ್ಲಾ ದಿನವಿಡೀ ಬರೀ ಸ್ಟೂಲೋ? ಚಳಿ ಶುರುವಾದ ಕೂಡಲೇ ನಿನಗೆ ಕೆಮ್ಮು ಹತ್ತುತ್ತಿತ್ತು, ಈಗಲೂ ಹಾಗೇನಾ? ಕತ್ತಿಗೆ ಏನಾದರೂ ಸುತ್ತಿಕೋ. ಇನ್ನು ನಾನು ಕ್ಷೇಮ ಅಂತ ಬರೆಯುವುದು ವಾಡಿಕೆ. ಮುಖದ ಬಲಗಡೆ ಪೂರ್ತಿ ಕ್ಷೇಮವಾಗಿದೆ. ಎಡಗಡೆಯ ಸಮಾಚಾರ ತಿಳಿಸಲಿಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಎರಡು ವರ್ಷದ ಹಿಂದೆ ನೀನು ಕಳಿಸಿದ ಕಾರ್ಡಿನಲ್ಲಿ ವಿಳಾಸದ ಕೆಳಗೆ ನಂಬರೂ ಇತ್ತು, ಒಂದೇ ಒಂದು ಮಾತು ಮಾತ್ರ ಇರಲಿಲ್ಲ. ಆ ಕಾರ್ಡು ಟ್ರಯಲ್ ಕನ್ನಡಿಯ ಮೂಲೆಗೆ ಸಿಕ್ಕಿಕೊಂಡೇ ಇದೆ. ನಂಬರು ನನಗೆ ಬಾಯಿಪಾಠ. ಆದರೆ ಸದ್ಯಕ್ಕೆ ಆ ಬಾಯೇ ಅರ್ಧ ಮರಗಟ್ಟಿದೆ, ಬೆಳಗ್ಗೆ ಕೊಟ್ಟ ಇಂಜೆಕ್ಷನ್ನು ಇನ್ನೂ ಇಳಿದಿಲ್ಲ. ನೀರು ಕುಡಿದರೆ ಕತ್ತಿನ ಮೇಲೆ ಸುರಿಯುತ್ತದೆ. ಈ ಸ್ಥಿತಿಯಲ್ಲಿ ಫೋನ್ ಮಾಡಿದರೆ ಅಕ್ಕ ಕುಡಿತ ಕಲಿತಳು ಅಂದುಕೊಳ್ಳುತ್ತೀಯ. ಬಾಯಿ ನೆಟ್ಟಗಿದ್ದ ಎರಡು ವರ್ಷ ಯಾಕೆ ಮಾಡಲಿಲ್ಲ ಅಂತ ಮಾತ್ರ ಈಗಲೇ ಕೇಳಬೇಡ.

ವಿಷಯ ಇಷ್ಟು. ಎಡಗಡೆ ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಪಕ್ಕದ ಹಲ್ಲು ಒಳಗೆಲ್ಲ ಕೀವಾಗಿ ಕೆಟ್ಟಿದೆ. ಇವತ್ತು ಬೆಳಗ್ಗೆ ಅದರ ಬೇರಿನ ಚಿಕಿತ್ಸೆ ಅರ್ಧ ಆಯಿತು. ಉಳಿದರ್ಧಕ್ಕೆ ಮುಂದಿನ ವಾರ, ಇಪ್ಪತ್ತಮೂರನೇ ತಾರೀಖು ಗುರುವಾರ ಹತ್ತು ಗಂಟೆಗೆ ಬನ್ನಿ ಅಂದಿದ್ದಾರೆ. ಆ ದಿನ ಹೋಗದಿದ್ದರೆ ಹಲ್ಲು ಉಳಿಯುವುದಿಲ್ಲ. ಹೋಗಬೇಕಾದರೆ ಜೊತೆಗೆ ಒಬ್ಬರು ಇರಲೇಬೇಕಂತೆ. ಆ ಒಬ್ಬರ ಮಾತು ಆಮೇಲೆ. ಮೊದಲು ಹಲ್ಲಿನ ಕಥೆ ಕೇಳು, ಅದರಲ್ಲಿ ನಿನ್ನ ಪಾಲೂ ಇದೆ.

ಹೊಲಿಗೆ ಬಿಚ್ಚುವ ಕೆಲಸಕ್ಕೆ ಎರಡು ಜೊತೆ ಕೈ ಬೇಕು ಅಂತ ನಿನಗೆ ಗೊತ್ತಲ್ಲ. ನೀನು ಎರಡೂ ಕಡೆಯಿಂದ ಬಟ್ಟೆ ಎಳೆದು ಹಿಡಿಯುತ್ತಿದ್ದೆ, ನಾನು ಬ್ಲೇಡಿನಿಂದ ದಾರ ಕುಯ್ಯುತ್ತಾ ಹೋಗುತ್ತಿದ್ದೆ. ನೀನು ಆ ಹೊತ್ತಿಗೇ ಬೀದಿಯ ಸುದ್ದಿಯನ್ನೆಲ್ಲ ಒದರುತ್ತಿದ್ದೆ, ನಾನು ಸುಮ್ಮನಿರೇ ಅಂತ ಬೈಯುತ್ತಿದ್ದೆ. ನೀನು ಹೋದ ಮೇಲೆ ಬಟ್ಟೆಯ ಒಂದು ಕಡೆಯನ್ನು ಎಡಗೈಯಲ್ಲೂ ಇನ್ನೊಂದು ಕಡೆಯನ್ನು ಹಲ್ಲಿನಲ್ಲೂ ಹಿಡಿದು ಬಿಚ್ಚುವುದು ರೂಢಿಯಾಯಿತು. ಅದೇ ಹಲ್ಲಿನಲ್ಲಿ. ಪ್ಯಾಂಟು, ಪರದೆ, ಸ್ಕೂಲ್ ಬ್ಯಾಗು, ಏನು ಬಂದರೂ ಅದೇ. ನಿನ್ನ ಕೆಲಸವನ್ನೆಲ್ಲ ಪಾಪ ಅದೊಂದು ಹಲ್ಲು ಮೂರು ವರ್ಷ ಮಾಡಿತು, ಒಂದು ದಿನ ರಜೆ ಕೇಳಲಿಲ್ಲ. ಎಂಟು ತಿಂಗಳ ಹಿಂದೆ ಬ್ಯಾಂಡಿನ ಮೇಷ್ಟ್ರ ದೊಡ್ಡ ಡೋಲಿನ ಕವರು ಬಂದಿತ್ತು, ಕ್ಯಾನ್ವಾಸು ಹಲಗೆಯಷ್ಟು ಬಿರುಸು. ಕಚ್ಚಿ ಎಳೆದೆ ನೋಡು, ಟಕ್ ಅಂತ ಸದ್ದಾಯಿತು. ದಾರ ಕಿತ್ತಿತು ಅಂದುಕೊಂಡೆ. ದಾರ ಹಾಗೇ ಇತ್ತು.

ಆಮೇಲೆ ತಣ್ಣೀರು ಕುಡಿದರೆ ಜುಂ ಅನ್ನತೊಡಗಿತು. ಸ್ವಲ್ಪ ದಿನ ಕಳೆದ ಮೇಲೆ ತಣ್ಣೀರಿನ ಜೊತೆ ಬಿಸಿ ಚಹಾವೂ ಆಗದಾಯಿತು. ಚಹಾ ಹೊಟ್ಟೆ ಸೇರಿ ಅರ್ಧ ಗಂಟೆಯಾದರೂ ಹಲ್ಲು ಮಿಡಿಯುತ್ತಲೇ ಇರುತ್ತಿತ್ತು. ಲವಂಗ ಇಟ್ಟೆ. ಉಪ್ಪುನೀರು ಮುಕ್ಕಳಿಸಿದೆ. ಬಲಗಡೆಯಲ್ಲೇ ಅಗಿದೆ. ನಿನ್ನ ಗುಂಡಿ ಡಬ್ಬಿಯ ತಳದಲ್ಲಿ, ನೀನು ಕೆಮ್ಮಿಗೆ ಅಂತ ತಂದು ಅರ್ಧಕ್ಕೇ ಬಿಟ್ಟ ಮಾತ್ರೆಯ ಪಟ್ಟಿ ಸಿಕ್ಕಿತು. ತಂಗಿಯ ಕೆಮ್ಮಿಗೆ ಆದದ್ದು ಅಕ್ಕನ ಹಲ್ಲಿಗೆ ಆಗದೆ ಇರುತ್ತದೆಯೇ ಅಂತ ಎರಡು ನುಂಗಿದೆ. ನಗಬೇಡ. ಡಾಕ್ಟರ ಹತ್ತಿರ ಹೋಗಬಹುದಿತ್ತು, ಆದರೆ ಹಲ್ಲಿನ ಡಾಕ್ಟರೆಂದರೆ ನನಗೆ ಎಷ್ಟು ಭಯ ಅಂತ ಗೊತ್ತಿರುವವಳು ನೀನೊಬ್ಬಳೇ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಹಲ್ಲು ಕೀಳಿಸಲು ಕರೆದುಕೊಂಡು ಹೋದಾಗ ನಾನು ಬಾಯಿ ತೆರೆಯಲಿಲ್ಲ ಅಂತ ನೀನೇ ಕುರ್ಚಿ ಹತ್ತಿ ಕೂತು, ಇಲ್ಲದ ನೋವಿಗೆ ಬಾಯಿ ತೆರೆದು ತೋರಿಸಿದ್ದೆಯಲ್ಲ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಎದ್ದರೆ ನೋವೇ ಇಲ್ಲ. ಬಿಸಿ ಚಹಾ ಕುಡಿದೆ, ಇಲ್ಲ. ತಣ್ಣೀರು, ಊಹೂಂ. ಗೆದ್ದೆ ಅಂದುಕೊಂಡೆ. ಈ ಸಂತೋಷ ಯಾರಿಗಾದರೂ ಹೇಳಬೇಕು ಅನಿಸಿತು. ಅಂಗಡಿಯಲ್ಲಿ ಇದ್ದದ್ದು ತಲೆಯಿಲ್ಲದ ಬೊಂಬೆ ಒಂದೇ, ಅದಕ್ಕೇ ಹೇಳಿದೆ. ಅಲ್ಲಿಂದ ನಾಲ್ಕು ತಿಂಗಳು ಆ ಹಲ್ಲನ್ನು ಮರೆತೇಬಿಟ್ಟೆ. ನಡುವೆ ಯಾವಾಗಲೋ ವಸಡಿನ ಮೇಲೆ ಸಣ್ಣದೊಂದು ಗುಳ್ಳೆ ಎದ್ದು, ಒಡೆದು, ಬಾಯೆಲ್ಲ ಕೆಟ್ಟ ಉಪ್ಪುರುಚಿ ಆಗುತ್ತಿತ್ತು. ಗುಳ್ಳೆ ಹೋಗುತ್ತಿತ್ತು, ವಾರ ಬಿಟ್ಟು ಮತ್ತೆ ಬರುತ್ತಿತ್ತು. ಉಷ್ಣಕ್ಕೆ ಅಂತ ಬಿಟ್ಟೆ.

ಹೋದ ಶನಿವಾರ ಕೆನ್ನೆ ಊದಿತು. ಮೈ ಬಿಸಿ. ನಾನು ಏನು ಮಾಡಿದೆ ಗೊತ್ತಾ? ಇಸ್ತ್ರಿಪೆಟ್ಟಿಗೆ ಕಾಯಿಸಿ, ದಪ್ಪ ಬಟ್ಟೆಯ ಮೇಲೆ ಒತ್ತಿ, ಆ ಬಟ್ಟೆಯನ್ನು ಕೆನ್ನೆಗೆ ಇಟ್ಟುಕೊಂಡೆ. ಬಟ್ಟೆಯ ಸುಕ್ಕು ಹೋದ ಹಾಗೆ ಊತವೂ ಹೋಗುತ್ತದೆ ಅಂತ. ದರ್ಜಿಯ ಬುದ್ಧಿ ಇಸ್ತ್ರಿಪೆಟ್ಟಿಗೆಯ ಆಚೆ ಹೋಗುವುದಿಲ್ಲ. ಭಾನುವಾರಕ್ಕೆ ಊತ ಕಣ್ಣಿನ ಕೆಳಗೆ ಬಂದಿತ್ತು. ಅಂಗಡಿಗೆ ರಜೆ, ಯಾರೂ ಬರಲಿಲ್ಲ. ಎರಡು ದಿನ ನನ್ನ ಮುಖವನ್ನು ನಾನು ಬಿಟ್ಟರೆ ಇನ್ನೊಬ್ಬರು ನೋಡಲಿಲ್ಲ. ಹಲ್ಲಿನ ನೋವಿಗಿಂತ ಅದೇ ಹೆಚ್ಚು ನೋವು ಕೊಟ್ಟಿತು ಅಂದರೆ ನೀನು ನಂಬುವುದಿಲ್ಲ. ಒಬ್ಬಳೇ ಇರುವುದು ಅಭ್ಯಾಸವಾಗಿದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತೇನೆ, ಬರೀ ಸುಳ್ಳು.

ನಿನ್ನೆ ಸಂಜೆ ಪ್ಯಾಂಟು ತೆಗೆದುಕೊಂಡು ಹೋಗಲು ಬ್ಯಾಂಡಿನ ಮೇಷ್ಟ್ರು ಬಂದರು. ಹೌದು, ಆ ಕೋಟಿನ ಮೇಷ್ಟ್ರೇ. "ಇದೇನಮ್ಮಾ, ಕೆನ್ನೆಯೊಳಗೆ ದಾರದುಂಡೆ ಇಟ್ಕೊಂಡಿದ್ದೀರಾ?" ಅಂದವರು ಹತ್ತಿರ ಬಂದು ನೋಡಿ ನಗು ನಿಲ್ಲಿಸಿದರು. ತುತ್ತೂರಿ ಊದುವವರಿಗೆ ಹಲ್ಲೇ ಬಂಡವಾಳ, ಅದರ ವಿಷಯ ಅವರಿಗೆ ಚೆನ್ನಾಗಿ ಗೊತ್ತು. ತಾವು ಹೋಗುವ ಡಾಕ್ಟರಿಗೆ ನನ್ನ ಎದುರಿಗೇ ಫೋನ್ ಮಾಡಿ, ಬೆಳಗ್ಗೆ ಮೊದಲು ನನ್ನನ್ನೇ ನೋಡಬೇಕು ಅಂತ ಹೇಳಿಟ್ಟರು. ರಾತ್ರಿಯೊಳಗೆ ಉಸಿರಿಗೋ ನುಂಗಲಿಕ್ಕೋ ಕಷ್ಟವಾದರೆ ಬೆಳಗಿಗೆ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ ಅಂತ ಡಾಕ್ಟರು ಹೇಳಿದ್ದನ್ನು ನನಗೆ ಎರಡು ಸಲ ಒಪ್ಪಿಸಿದರು. ಹೊರಡುವಾಗ ಎಂದಿನ ಹಾಗೆ "ತಂಗಿ ಬಂದ್ರಾ?" ಅಂದರು. ನಾನೂ ಎಂದಿನ ಹಾಗೆ "ಬರ್ತಾಳೆ" ಅಂದೆ.

ಅವರ ಕೋಟು ನಿನಗೆ ನೆನಪಿರದೆ ಇರುತ್ತದೆಯೇ. ಟ್ರಯಲ್ ನೋಡುತ್ತಾ ಕನ್ನಡಿಯ ಮುಂದೆ ತುತ್ತೂರಿ ಊದುವವರ ಹಾಗೆ ಎದೆ ತುಂಬ ಉಸಿರು ಎಳೆದುಕೊಂಡರು, ನಡುವಿನ ಗುಂಡಿ ಹಾರಿ ಕನ್ನಡಿಗೆ ಬಡಿಯಿತು. ತೋಳೂ ಚಿಕ್ಕದು, ಎದೆಯೂ ಚಿಕ್ಕದು, ಎಲ್ಲ ಕಡೆ ಒಂದೊಂದು ಇಂಚು. ಮೇಷ್ಟ್ರು ನಕ್ಕುಬಿಟ್ಟರು. ನಾನು ನಗಲಿಲ್ಲ. ಅವರ ಎದುರಿಗೇ ನಿನ್ನ ಕಡೆ ತಿರುಗಿ, ಬಾಯಿಗೆ ಬಂದದ್ದು ಅಂದೆ. ಇವಳಿಗೆ ಹರಟೆ ಹೊಡೆಯಲು ಬರುತ್ತದೆ, ಅಳತೆ ಬರೆದುಕೊಳ್ಳಲು ಬರುವುದಿಲ್ಲ ಅಂದೆ. ನೀನು ಕತ್ತರಿಯನ್ನು ಮೇಜಿನ ಮೇಲೆ ಇಟ್ಟ ಸದ್ದು ಇನ್ನೂ ಕಿವಿಯಲ್ಲಿದೆ. ಮಾರನೇ ದಿನ ನೀನು ಮಾತು ಬಿಟ್ಟೆ, ವಾರಕ್ಕೆ ಊರು ಬಿಟ್ಟೆ. ಮೊದಮೊದಲು ಅದೂ ನೋವಾಗುತ್ತಿತ್ತು. ಆಮೇಲೆ ಯಾವಾಗಲೋ ನಿಂತಿತು, ಅಥವಾ ನಿಂತಿತು ಅಂದುಕೊಂಡೆ.

ಬೆಳಗ್ಗೆ ಹೋದೆ. ಕಾಯುವ ಕೋಣೆಯಲ್ಲಿ ಬಂದವರೆಲ್ಲ ಜೋಡಿ ಜೋಡಿ. ಒಬ್ಬರ ಕೆನ್ನೆ ಊದಿದ್ದರೆ ಇನ್ನೊಬ್ಬರು ಅವರ ಚೀಲ ಹಿಡಿದುಕೊಂಡಿದ್ದರು. ನನ್ನ ಚೀಲ ನನ್ನ ತೊಡೆಯ ಮೇಲೆ. ಡಾಕ್ಟರು ಹೆಂಗಸು, ನಿನಗಿಂತ ಚಿಕ್ಕವರು, ಮೆದುವಾಗಿ ಮಾತಾಡುತ್ತಾರೆ. ಎಕ್ಸ್-ರೇ ತೆಗೆದು ಪರದೆಯ ಮೇಲೆ ತೋರಿಸಿದರು. ಬೇರಿನ ತುದಿಯಲ್ಲಿ ಅವರೆಕಾಳಿನಷ್ಟು ಕಪ್ಪು ನೆರಳು. ನೋವು ಯಾವಾಗ ನಿಂತಿತು ಅಂತ ಕೇಳಿದರು. ನಾಲ್ಕು ತಿಂಗಳಾಯಿತು, ತಾನಾಗಿಯೇ ವಾಸಿಯಾಯಿತು ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ. "ವಾಸಿಯಾಗಿಲ್ಲಮ್ಮಾ. ಹಲ್ಲು ಬಿರುಕು ಬಿಟ್ಟಿದೆ. ಆ ಬಿರುಕಿನಿಂದ ಸೋಂಕು ಒಳಗೆ ಇಳಿದು ಅವತ್ತು ನರ ಸತ್ತೋಯ್ತು. ನೋವು ಹೇಳೋಕೆ ಒಳಗೆ ಯಾರೂ ಉಳಿದಿರಲಿಲ್ಲ, ಅಷ್ಟೇ" ಅಂದರು. ಒಳಗೆ ಯಾರೂ ಇಲ್ಲದ ಮನೆ ಹೇಗಿರುತ್ತದೆ ಅಂತ ನನಗೆ ಬೇರೆಯವರು ಹೇಳಬೇಕಾಗಿಲ್ಲ.

ಇಸ್ತ್ರಿಪೆಟ್ಟಿಗೆಯ ವಿಷಯ ಹೇಳಿದಾಗ ಹಣೆ ಚಚ್ಚಿಕೊಂಡರು. ಊದಿದ ಕೆನ್ನೆಗೆ ಮೇಲಿನಿಂದ ಬಿಸಿ ಕೊಡಬಾರದಂತೆ. ಹಳೇ ಮಾತ್ರೆಯ ವಿಷಯಕ್ಕೆ ಇನ್ನೂ ಜೋರಾಗಿ ಬೈದರು, ಯಾರದೋ ಮಾತ್ರೆ, ಯಾವುದೋ ಕಾಯಿಲೆಯದು, ಅದೂ ಎರಡೇ ಎರಡು! ಈಗ ಮೈ ಬಿಸಿ ಇದ್ದು ಊತ ಹರಡಿರುವುದಕ್ಕೆ ಅವರೇ ಮಾತ್ರೆ ಬರೆದುಕೊಟ್ಟಿದ್ದಾರೆ. ಆದರೆ ಬರೀ ಮಾತ್ರೆಯಿಂದ ಇದು ಹೋಗುವುದಿಲ್ಲವಂತೆ. ಸತ್ತ ನರದ ಜಾಗದಲ್ಲಿ ರಕ್ತ ಓಡಾಡುವುದಿಲ್ಲ, ಮದ್ದು ಅಲ್ಲಿಗೆ ತಲುಪುವುದು ಹೇಗೆ? ಹಲ್ಲಿಗೆ ಮೇಲಿನಿಂದ ಸಣ್ಣ ದಾರಿ ಕೊರೆದು, ಒಳಗೆ ಕೊಳೆತದ್ದನ್ನು ತೆಗೆದು, ತೊಳೆದು, ಮದ್ದಿಟ್ಟು, ಆಮೇಲೆ ಗಾಳಿಯೂ ಹೋಗದ ಹಾಗೆ ಮುಚ್ಚಬೇಕು. ಬಿರುಕು ಬೇರಿನವರೆಗೆ ಇಳಿದಿಲ್ಲವಾದ್ದರಿಂದ ಮೇಲೊಂದು ಟೋಪಿ ಹಾಕಿ ಉಳಿಸಬಹುದು. ಇಲ್ಲವಾದರೆ ಕೀಳಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವವರೆಗೆ ಬಿಟ್ಟಿದ್ದೀರಿ ಅಂದರು.

ಇಂಜೆಕ್ಷನ್ ಕೊಟ್ಟಾಗ ಹಿಡಿದುಕೊಳ್ಳಲು ಕೈ ಹುಡುಕಿದೆ, ಕುರ್ಚಿಯ ಹಿಡಿ ಸಿಕ್ಕಿತು. ಆಮೇಲೆ ನೋವು ಆಗಲಿಲ್ಲ, ನಿಜ ಹೇಳುತ್ತೇನೆ. ಕೊರೆದ ಕೂಡಲೇ ಕೆಟ್ಟ ವಾಸನೆಯ ಜೊತೆ ಕೀವು ಇಳಿದು, ಮೂರು ದಿನದ ಬಿಗಿತ ಸಡಿಲಾಯಿತು. ಹಾಯ್ ಅನಿಸಿತು. ಆಮೇಲೆ ಡಾಕ್ಟರು ಕೂದಲಿನಷ್ಟು ತೆಳ್ಳಗಿನ ಸೂಜಿಗಳನ್ನು ಬೇರಿನೊಳಗೆ ಇಳಿಸತೊಡಗಿದರು. ಪ್ರತಿ ಸೂಜಿಯ ಮೇಲೂ ಪುಟ್ಟ ರಬ್ಬರ್ ಗುಂಡಿ, ಎಷ್ಟು ಆಳ ಹೋಯಿತು ಅಂತ ಗುರುತಿಗೆ. ಹೊರಗೆ ತೆಗೆದು ಸಣ್ಣ ಅಳತೆಪಟ್ಟಿಗೆ ಹಿಡಿದು ನೋಡುತ್ತಿದ್ದರು. ನನ್ನ ತಲೆಯ ಹಿಂದೆ ನರ್ಸಮ್ಮ ಕೂತಿದ್ದರು, ನನ್ನದೇ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ಪೆನ್ನು. ಡಾಕ್ಟರು "ಇಪ್ಪತ್ತೆರಡು" ಅಂದರು. ಹಿಂದಿನಿಂದ "ಇಪ್ಪತ್ತೆರಡು" ಅಂತ ಬಂತು. ಒಬ್ಬರು ಅಳೆದು ಕೂಗುವುದು, ಒಬ್ಬರು ಅದನ್ನೇ ಹೇಳಿ ಬರೆದುಕೊಳ್ಳುವುದು.

ಅಪ್ಪನ ಟೇಪು ನೆನಪಾಗದೆ ಹೇಗಿರುತ್ತದೆ, ಹೇಳು. ಮೊದಲ ಇಂಚು ಸವೆದು ಕಿತ್ತುಹೋಗಿ, ಒಂದರಿಂದಲೇ ಶುರುವಾಗುವ ಆ ಟೇಪು. ಹೊಸದು ತರಲು ಅಪ್ಪ ಬಿಡಲಿಲ್ಲ, ಅಪ್ಪ ಹೋದ ಮೇಲೆ ತರಲು ನಮಗೆ ಮನಸ್ಸಾಗಲಿಲ್ಲ. ಪರದೆಯ ಈಚೆ ನಾನು ಗಿರಾಕಿಗೆ ಟೇಪು ಹಿಡಿದು ಕಂಡ ಅಂಕಿಯನ್ನೇ ಕೂಗಬೇಕು, ಆಚೆ ಮೇಜಿನ ಹತ್ತಿರ ನೀನು ಒಂದು ಕಳೆದು ಬರೆದುಕೊಳ್ಳಬೇಕು. ನಾನು ನಲವತ್ತೊಂದು ಅಂದರೆ ಆಚೆಯಿಂದ ನಿನ್ನ ನಲವತ್ತು ಬರುತ್ತಿತ್ತು. ಗಿರಾಕಿಗಳು ಗಾಬರಿಯಾಗುತ್ತಿದ್ದರು, ಅಕ್ಕ ತಂಗಿ ಚೌಕಾಸಿ ಮಾಡುತ್ತಿದ್ದಾರೆ ಅಂತ.

ನಾನು ಹೀಗೆ ಬಾಯಿ ತೆರೆದುಕೊಂಡು ಅಪ್ಪನ ಟೇಪಿನ ಹಿಂದೆ ಹೋಗಿರುವಾಗ, ಡಾಕ್ಟರು ಇನ್ನೊಂದು ಬೇರಿಗೆ "ಇಪ್ಪತ್ತೊಂದು" ಅಂದರು. ಬೇರಿನ ತುದಿಯವರೆಗೆ ಸೂಜಿ ಹೋಗಬಾರದಂತೆ, ಸಿಕ್ಕಿದ ಅಳತೆಯಲ್ಲಿ ಒಂದು ಕಳೆಯುವ ಪದ್ಧತಿ ಅವರಲ್ಲೂ ಇದೆ! ನರ್ಸಮ್ಮ ಬರೆಯಲಿಲ್ಲ. ಪೆನ್ನು ಹಿಡಿದುಕೊಂಡು "ಕಳೆದು ಹೇಳಿದ್ರಾ ಡಾಕ್ಟ್ರೇ, ಇಲ್ಲಾ ನಾನು ಕಳೀಬೇಕಾ?" ಅಂತ ಕೇಳಿದರು. "ನೀವೇ ಕಳೀರಿ" ಅಂದರು ಡಾಕ್ಟರು. ಅಷ್ಟೇ ನಡೆದದ್ದು. ನನ್ನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ನೋವಾಗುತ್ತಿದೆ ಅಂದುಕೊಂಡು ಡಾಕ್ಟರು ಪಾಪ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಬಾಯಿ ತುಂಬ ಸೂಜಿ ಇರುವಾಗ ಅಲ್ಲ ಅನ್ನುವುದು ಹೇಗೆ. ಅದಕ್ಕೇ ನೋಡು, ಮಧ್ಯಾಹ್ನವಾದರೂ ಇನ್ನೂ ಮರಗಟ್ಟಿರುವುದು.

ಎಲ್ಲ ಮುಗಿದು ಮೇಲೊಂದು ತಾತ್ಕಾಲಿಕ ಮುಚ್ಚಳ ಹಾಕಿ ಕಳಿಸಿದರು. ಎದ್ದು ನಾಲ್ಕು ಹೆಜ್ಜೆ ಇಟ್ಟೆ, ಕಣ್ಣು ಕತ್ತಲೆ ಬಂತು. ಎರಡು ದಿನದಿಂದ ಹೊಟ್ಟೆಗೆ ಏನೂ ಇರಲಿಲ್ಲವಲ್ಲ. ನರ್ಸಮ್ಮ ಹಿಡಿದುಕೊಳ್ಳದಿದ್ದರೆ ಉಳಿದ ಹಲ್ಲುಗಳೂ ಹೋಗುತ್ತಿದ್ದವು. ನೀರು ಕುಡಿಸಿ, ಕೂರಿಸಿ, ಎಚ್ಚರಿಕೆಗಳನ್ನೆಲ್ಲ ಇನ್ನೊಂದು ಸಲ ಹೇಳಿದರು. ಊತ ಕಣ್ಣು ಮುಚ್ಚಿಸಿದರೆ, ದವಡೆಯ ಕೆಳಗೆ ಇಳಿದರೆ, ಜ್ವರ ಏರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರು. ಕನ್ನಡಿ ಇದೆ ಅಂದೆ. ಅವರು ನಗಲಿಲ್ಲ. ಬೆಳಗ್ಗೆ ನಾನು ತುಂಬಿಸಿದ ಫಾರಂ ತೆಗೆದು, ತುರ್ತಿಗೆ ಯಾರಿಗೆ ತಿಳಿಸಬೇಕು ಅನ್ನುವ ಸಾಲು ಖಾಲಿ ಬಿಟ್ಟಿದ್ದೀರಿ, ಇದು ತುಂಬದೆ, ಜೊತೆಗೆ ಒಬ್ಬರು ಇಲ್ಲದೆ, ಗುರುವಾರ ಕುರ್ಚಿ ಹತ್ತಿಸುವುದಿಲ್ಲ ಅಂತ ಪೆನ್ನು ಕೈಗೆ ಕೊಟ್ಟರು. ನಾನು ನಿನ್ನ ಹೆಸರು ಬರೆದು, ಸಂಬಂಧ ಅನ್ನುವ ಕಡೆ ತಂಗಿ ಅಂತ ಬರೆದು, ಬಾಯಿಪಾಠವಾಗಿದ್ದ ನಂಬರು ಬರೆದೆ. ನಿನ್ನನ್ನು ಕೇಳದೆ ಬರೆದದ್ದಕ್ಕೆ ಬೈದುಕೋ. ಬೇರೆ ಯಾವ ನಂಬರೂ ನನಗೆ ಬರುವುದಿಲ್ಲ.

ಈಗ ಊತ ಸ್ವಲ್ಪ ಇಳಿದಿದೆ. ಗಂಜಿ ಮಾಡಿಕೊಂಡಿದ್ದೇನೆ, ಆರಲಿ ಅಂತ ಇಟ್ಟಿದ್ದೇನೆ. ನಿನ್ನ ಮಶಿನ್ನಿಗೆ ವಾರಕ್ಕೊಮ್ಮೆ ಎಣ್ಣೆ ಹಾಕುತ್ತೇನೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಸೊಂಟ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಲ್ಲಿನಿಂದ ದಾರ ಕಡಿಯಬೇಡ, ಕತ್ತರಿ ಇರುವುದು ಯಾತಕ್ಕೆ. ನೂರು ವರ್ಷ ಚೆನ್ನಾಗಿರು.

ನಿನ್ನ,
ಅರ್ಧ ಬಾಯಿಯ ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದೆ. ಅಂಚೆಯವರು ಡಬ್ಬ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಅವತ್ತು ಮೇಷ್ಟ್ರನ್ನು ಅಳೆದದ್ದು ಅಪ್ಪನ ಟೇಪಿನಿಂದ ಅಲ್ಲ. ದೊಡ್ಡ ಗಿರಾಕಿಯ ಮುಂದೆ ಹರಕು ಟೇಪು ಹಿಡಿಯಲು ನಾಚಿಕೆಯಾಗಿ ಬೆಳಗ್ಗೆ ಹೊಸದು ತಂದಿದ್ದೆ, ನಿನಗೆ ಹೇಳಲಿಲ್ಲ. ನೀನು ಪರದೆಯ ಆಚೆ ಎಂದಿನ ಹಾಗೆ ಒಂದು ಕಳೆದು ಬರೆದುಕೊಂಡೆ. ತಪ್ಪು ನನ್ನದು. ಗುಂಡಿ ಹಾರಿದ ಸಂಜೆಯೇ ಡ್ರಾಯರಿನಲ್ಲಿ ಆ ಟೇಪು ಕಂಡು ನನಗೆ ಗೊತ್ತಾಯಿತು. ನೀನು ಊರು ಬಿಡಲು ಇನ್ನೂ ಆರು ದಿನ ಇತ್ತು. ನೀನು ಮಹಡಿಯಲ್ಲಿ ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ನಾನು ಕೆಳಗೆ ಮಶಿನ್ ತುಳಿಯುತ್ತಿದ್ದೆನಲ್ಲ, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ನಡುವೆ ಹನ್ನೊಂದು ಮೆಟ್ಟಿಲು, ಹತ್ತಲಿಲ್ಲ. ಈ ಕಾಗದ ಡಬ್ಬಕ್ಕೆ ಹಾಕಿ ಹಾಗೇ ಮೇಷ್ಟ್ರ ಮನೆಗೆ ಹೋಗಿ ಇದನ್ನೇ ಹೇಳಿ ಬರುತ್ತೇನೆ. ಸಾಧ್ಯವಾದರೆ ಹೊಟ್ಟೆಗೆ ಹಾಕಿಕೋ. ಇಪ್ಪತ್ತಮೂರಕ್ಕೆ ಬಾ ಅಂತ ಕೇಳುವ ಮುಖ ನನಗಿಲ್ಲ, ಇರುವುದು ಊದಿದ ಮುಖ ಒಂದೇ. ಆದರೆ ಆ ಬೆಳಗ್ಗೆ ನರ್ಸಮ್ಮ ಫಾರಂ ನೋಡಿ ನಿನಗೆ ಫೋನ್ ಮಾಡಿ ಇವರು ನಿಮಗೆ ಏನಾಗಬೇಕು ಅಂತ ಕೇಳುತ್ತಾರೆ. ಗೊತ್ತಿಲ್ಲ ಅನ್ನಬೇಡ ಕಣೇ. ನಮ್ಮ ಅಕ್ಕ ಅನ್ನು, ಅಷ್ಟು ಸಾಕು.